ದೂರು ಒತ್ತದ ಓಣಿ

"ಗುರುಗಳೇ, ಬೀದಿಯ ಮೂಲೆಯಲ್ಲಿ ಯಂತ್ರ ನಿಲ್ಲಿಸಿದ್ದೇವೆ. ಮುಟ್ಟಿದರೆ ಸಾಕು, ಜನರ ಕಷ್ಟ ನಗರಸಭೆಗೆ ತಲುಪುತ್ತದೆ. ಆದರೂ ಈ ಜನ ಅದರ ಹತ್ತಿರ ಸುಳಿಯುವುದಿಲ್ಲ. ಸೋಮಾರಿಗಳು. ಇವರನ್ನು ತಿದ್ದುವುದು ಹೇಗೆ?" ಎಂದು ಇಂದುಧರ ಕೇಳಿದ. ಅವನು ವಿಶ್ವವಿದ್ಯಾಲಯದಲ್ಲಿ ಸಂಶೋಧನಾ ವಿದ್ಯಾರ್ಥಿ.

ಗುರುಗಳು ಒಂದು ಕತೆ ಹೇಳಿದರು.

ಇನ್ನೊಂದು ಊರಿನ ವಿಶ್ವವಿದ್ಯಾಲಯದಲ್ಲಿ ಒಬ್ಬ ಎಂಜಿನಿಯರನಿದ್ದ. ಅವನೂ ಇಂಥದೇ ಯಂತ್ರ ಮಾಡಿ, ನೀರಿಲ್ಲದ ಒಂದು ಓಣಿಯಲ್ಲಿ ನಿಲ್ಲಿಸಿದ. ಆ ಓಣಿಯ ಹೆಂಗಸರು ಪಕ್ಕದ ಬಡಾವಣೆಯಿಂದ ಕೊಡ ಹೊರುತ್ತಿದ್ದರು. ನಗರಸಭೆಯವರು ಅವನಿಗೆ ಒಂದೇ ಮಾತು ಹೇಳಿದ್ದರು: ಯುಗಾದಿಯೊಳಗೆ ಆ ಓಣಿಯಿಂದ ಯಂತ್ರದ ಮೂಲಕ ಜನರ ದನಿ ಬಂದರೆ ಹೊಸ ಪೈಪು, ಇಲ್ಲದಿದ್ದರೆ ಪೈಪು ಬೇರೆ ಓಣಿಗೆ. ಆ ಹೆಂಗಸರ ಮನೆಗೆ ನೀರು ತರಲೇಬೇಕೆಂದು ಎಂಜಿನಿಯರ್ ಹಟ ಹಿಡಿದ.

ಯಂತ್ರದ ಮೇಲೆ 'ದೂರು ನೀಡಿ' ಎಂಬ ಗುಂಡಿಯಿತ್ತು. ಯಾರೂ ಒತ್ತಲಿಲ್ಲ. ಅಕ್ಷರ ದೊಡ್ಡದು ಮಾಡಿದ. ಬಣ್ಣ ಬದಲಿಸಿದ. ಓದು ಬಾರದವರಿಗೆಂದು ದನಿ ಕೂರಿಸಿದ. ಯಂತ್ರ ದಿನವಿಡೀ ದೂರು ನೀಡಿ, ದೂರು ನೀಡಿ ಎಂದು ಕೂಗಿಕೊಂಡಿತು. ಹೆಂಗಸರು ಅದರ ಕಡೆ ತಿರುಗಿ ನೋಡದೆ ಕೊಡ ಹೊತ್ತು ನಡೆದುಹೋದರು. ಹಬ್ಬ ಹತ್ತಿರ ಬಂತು. ಎಂಜಿನಿಯರನಿಗೆ ಊಟ ಸೇರದಾಯಿತು.

ಕಡೆಗೆ ಅವನು ಬಿಗುಮಾನ ಬಿಟ್ಟು ಕನ್ನಡ ವಿಭಾಗದ ಬಾಗಿಲು ತಟ್ಟಿದ. ಎರಡು ವಿಭಾಗಗಳ ನಡುವೆ ಇದ್ದದ್ದು ಒಂದೇ ಗೋಡೆ. ಆದರೆ ವಿದ್ವಾಂಸರಿಗೆ ಗೋಡೆ ಎಂದರೆ ಬಲು ಪ್ರೀತಿ. ಅದುವರೆಗೆ ಯಾರೂ ಆಚೀಚೆ ಹೋದವರಲ್ಲ. ಅಲ್ಲಿದ್ದ ಭಾಷಾ ವಿದುಷಿ ಅವನ ಜೊತೆ ಓಣಿಗೆ ಬಂದಳು. ಕೊಡ ಹೊತ್ತು ಬರುತ್ತಿದ್ದ ಒಬ್ಬ ಹೆಂಗಸನ್ನು ಕೇಳಿದಳು:

"ಯಾಕಮ್ಮ, ನೀವು ಇದನ್ನ ಒತ್ತೋದಿಲ್ಲ?"

"ಒತ್ತಿದ್ರೆ ದೂರು ಹೇಳ್ದಂಗಾಗ್ತೈತಲ್ರೀ. ನೀರು ಬಿಡೋ ಅಣ್ಣ ನಮ್ಮ ಓಣಿಯೋನೇ. ಪೈಪು ಹಳೇದಾದ್ರೆ ಅವನೇನು ಮಾಡ್ತಾನೆ? ಅವನ ಮೇಲೆ ನಾವ್ಯಾಕೆ ದೂರು ಹೇಳೋಣ?"

ಕಚೇರಿಯಲ್ಲಿ ದೂರು ಎಂದರೆ ಒಂದು ಅರ್ಜಿ. ಓಣಿಯಲ್ಲಿ ದೂರು ಎಂದರೆ ಒಬ್ಬರ ಮೇಲೆ ತಪ್ಪು ಹೊರಿಸುವುದು. ವಿದುಷಿ ಅದನ್ನು ಬಿಡಿಸಿ ಹೇಳಿದಾಗ ಎಂಜಿನಿಯರ್ ಹಣೆ ಚಚ್ಚಿಕೊಂಡ. ಇಬ್ಬರೂ ಅಲ್ಲೇ ಕಟ್ಟೆಯ ಮೇಲೆ ಕುಳಿತರು. ಅವಳು ಮಾತು ಹುಡುಕಿದಳು, ಅವನು ಅದನ್ನು ಗುಂಡಿಯ ಮೇಲೆ ಕೂರಿಸಿದ: 'ನಮ್ಮ ಓಣಿಗೆ ನೀರು ಬಂದಿಲ್ಲ.'

ಆ ಹೆಂಗಸು ಕೊಡ ಇಳಿಸಿ ಒತ್ತಿದಳು. ಹಿಂದೆ ಬಂದವಳೂ ಒತ್ತಿದಳು. ಸಂಜೆಯ ಹೊತ್ತಿಗೆ ಓಣಿಗೆ ಓಣಿಯೇ ಸಾಲು ನಿಂತಿತ್ತು. ಸಾಲಿನಲ್ಲಿ ನೀರು ಬಿಡುವವನೂ ಇದ್ದ. ಪೈಪು ಹಾಳಾಗಿದೆಯೆಂದು ಕಚೇರಿಗೆ ಹೇಳಿ ಹೇಳಿ ಅವನು ಸೋತಿದ್ದ. ಎಲ್ಲರಿಗಿಂತ ಜೋರಾಗಿ ಒತ್ತಿದವನು ಅವನೇ.

ಮಳೆಗಾಲಕ್ಕೆ ಮುಂಚೆ ಹೊಸ ಪೈಪು ಬಂತು. ನಲ್ಲಿಗಳು ಮೊದಲು ಕೆಮ್ಮಿದವು, ಆಮೇಲೆ ಧೋ ಎಂದು ಸುರಿದವು. ಹೆಂಗಸರು ಚೆಂಬು ತುಂಬಿ ತುಂಬಿ ಎಂಜಿನಿಯರನ ಮೇಲೂ ವಿದುಷಿಯ ಮೇಲೂ ಎರಚಿದರು. ಇಬ್ಬರೂ ತೊಯ್ದು ತೊಪ್ಪೆಯಾಗಿ, ಗೆದ್ದ ಖುಷಿಯಲ್ಲಿ ಹೊಟ್ಟೆ ತುಂಬ ನಕ್ಕರು.

ಇಂದುಧರನ ಮುಖ ಅರಳಿತು. "ನಮ್ಮ ಯಂತ್ರದ ಮೇಲೂ 'ದೂರು' ಎಂದೇ ಇದೆ. ನಾಳೆಯೇ ಆ ಪದ ತೆಗೆಯುತ್ತೇನೆ, ಗುರುಗಳೇ. ಅದಾದ ಮೇಲೂ ಈ ಸೋಮಾರಿ ಜನ ಒತ್ತದಿದ್ದರೆ ಏನು ಮಾಡಲಿ?"

ಗುರುಗಳು ಹೇಳಿದರು: "ಆ ಓಣಿಯ ಹೆಂಗಸರು ಒಬ್ಬನನ್ನು ದೂರಲು ಒಪ್ಪಲಿಲ್ಲ, ನೀನು ಬಂದಾಗಿನಿಂದ ಊರನ್ನೇ ದೂರುತ್ತಿದ್ದೀಯಲ್ಲ."