ಗಿಣಿಯ ಆಮೆನ್

ಪ್ರಾರ್ಥನಾಲಯದ ಜಗಲಿಯಲ್ಲಿ ಪಂಜರದ ಗಿಣಿಯೊಂದಿತ್ತು. ಎದುರಿಗಿದ್ದವರು ಮಾತು ನಿಲ್ಲಿಸಿದರೆ ಸಾಕು, ಪ್ರಾರ್ಥನೆಯ ಕೊನೆಗೆ ‘ಹಾಗೆಯೇ ಆಗಲಿ’ ಎಂದು ಜನ ಹೇಳುವಂತೆ "ಆಮೆನ್" ಎನ್ನುತ್ತಿತ್ತು.

ಮೊಟ್ಟೆಯಿಡುವ ದಿನ ಹತ್ತಿರವಾಗಿದ್ದ ಗುಬ್ಬಿ ಬಂದು ಕೇಳಿತು: "ಗಿಣಿಯಣ್ಣ, ನಿನ್ನ ಪಂಜರದ ಮೇಲೆ ಗೂಡು ಕಟ್ಟುತ್ತೇನೆ. ಕಾಗೆ ಬಂದರೆ ಕೂಗಿ ಓಡಿಸುತ್ತೀಯಾ?"

"ಆಮೆನ್!"

ಗುಬ್ಬಿಗೆ ಹೋದ ಜೀವ ಬಂದಂತಾಯಿತು. ಅದು ಹುಲ್ಲೆಳೆ ಕಚ್ಚಿಕೊಂಡು ಮರಳುವಷ್ಟರಲ್ಲಿ ಕಾಗೆ ಪಂಜರದ ಮುಂದೆ ಕುಳಿತಿತ್ತು. "ಏನಪ್ಪಾ ಗಿಣಿರಾಯ, ಗುಬ್ಬಿ ಮೊಟ್ಟೆಯಿಟ್ಟ ದಿನ ಊಟಕ್ಕೆ ಬರಲೇ?"

"ಆಮೆನ್!" ಅದೇ ದನಿ, ಅದೇ ಗತ್ತು.

ಗುಬ್ಬಿಯ ಕೊಕ್ಕಿನಿಂದ ಹುಲ್ಲು ಜಾರಿ ಬಿತ್ತು. "ಇಬ್ಬರಿಗೂ ಒಂದೇ ಮಾತೇ?"

ಜಗಲಿಯ ಹಳೆಯ ಕಂಬ ಹೇಳಿತು: "ಗುಬ್ಬಕ್ಕ, ಆಮೆನ್ ಎಂಬುದು ಹೀಬ್ರೂ ಜನರ ಮಾತು. ಭಾರ ಹೊತ್ತು ಅಲುಗದೆ ನಿಲ್ಲುವ ಗಟ್ಟಿತನವೇ ಅದರ ಬೇರು. ಗಿಣಿ ಕಲಿತದ್ದು ಸದ್ದನ್ನಷ್ಟೇ."

"ಹಾಗಾದರೆ ನಿನ್ನ ತಲೆಯ ಮೇಲಿನ ಸಂದಿನಲ್ಲಿ ಗೂಡು ಕಟ್ಟಲೇ, ಕಂಬದಜ್ಜ? ಆಮೆನ್ ಅನ್ನುತ್ತೀಯಾ?"

"ಅನ್ನುವುದಿಲ್ಲ. ಸಂದಿನಲ್ಲಿ ಕಾಗೆಯ ತಲೆ ತೂರುವುದಿಲ್ಲ, ನಾನು ಎಲ್ಲಿಗೂ ಹೋಗುವುದಿಲ್ಲ. ನೀನೇ ನೋಡಿಕೋ."

ಗುಬ್ಬಿ ಸಂದಿನೊಳಗೆ ಹೊಕ್ಕು ನೋಡಿತು. ಕಂಬದ ತಲೆಯನ್ನು ಎರಡು ಸಲ ಒದ್ದೂ ನೋಡಿತು. ಮಾಡು ಹೊತ್ತ ಕಂಬ ಅಲುಗಲಿಲ್ಲ. ಕೆಳಗೆ ಬಿದ್ದಿದ್ದ ಹುಲ್ಲೆಳೆಯನ್ನು ಹೆಕ್ಕಿ ತಂದು, ಸಂದಿನಲ್ಲಿಟ್ಟು, "ಆಮೆನ್" ಎಂದು ತಾನೇ ಹೇಳಿಕೊಂಡಿತು.