ಬೀಗರಿಗೆ ಕಡೆದ ಪರಂಗಿ ಮೊಸರು

"ಗುರುಗಳೇ," ಎಂದು ಶಿಷ್ಯ ರಾಚಯ್ಯ ಕೇಳಿದ, "ಅಣ್ಣನ ಜೊತೆ ಆದ ಜಗಳದಲ್ಲಿ ತಪ್ಪು ನನ್ನದೇ. ಹೋಗಿ ಕ್ಷಮೆ ಕೇಳಬೇಕೆಂದಿದ್ದೇನೆ. ಅದಕ್ಕೆ ತಕ್ಕ ಹೊತ್ತು ಯಾವುದು?"

ಗುರುಗಳು ಹೊತ್ತು ಹೇಳಲಿಲ್ಲ, ಕತೆ ತೆಗೆದರು.

ಒಬ್ಬ ರೈತ ಮಗಳ ಮದುವೆಯಲ್ಲಿ ಬೀಗನನ್ನು ಮೊದಲ ಪಂಕ್ತಿಗೆ ಕರೆಯಲು ಮರೆತ. ಬೀಗ ಉಂಡದ್ದು ಮೂರನೆಯ ಪಂಕ್ತಿಯಲ್ಲಿ, ಅದೂ ಪಾಯಸ ಮುಗಿದ ಮೇಲೆ. ಬೀಗರ ಮುನಿಸೆಂದರೆ ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ವರ್ಷ ಕಳೆದರೂ ಆತ ಸೊಸೆಯನ್ನು ತವರಿಗೆ ಕಳುಹಿಸಲಿಲ್ಲ. ಮಗಳ ಮುಖ ನೋಡಲು ಹಂಬಲಿಸಿ ರೈತನ ಹೆಂಡತಿ ಸೊರಗಿದಳು.

ಕೊನೆಗೆ ರೈತ ಹೇಳಿಕಳುಹಿಸಿದ. ಬೀಗ ಬಿಸಿಲಲ್ಲಿ ನಡೆದು ಬಂದ. ಅವನನ್ನು ಓಣಿಯಲ್ಲಿ ಕಂಡದ್ದೇ ತಡ, ಹೆಂಡತಿ ಹಿತ್ತಲಿನ ಪರಂಗಿ ಹಣ್ಣನ್ನು ಕಿವುಚಿ, ಕೆನೆಮೊಸರು, ಬೆಲ್ಲ, ಚಿಟಿಕೆ ಏಲಕ್ಕಿ ಹಾಕಿ ಕಡೆದಳು. ಎಲೆ ಅಡಿಕೆ ಹಾಕಿಕೊಳ್ಳುವಷ್ಟರಲ್ಲಿ ಎಲ್ಲ ಸಿದ್ಧವಾಯಿತು. ರೈತ ಅಂಗೈಗೆ ಒಂದು ಹನಿ ಹಾಕಿಸಿಕೊಂಡು ನೆಕ್ಕಿ ತಲೆದೂಗಿದ.

"ಈಗಲೇ ಕೊಟ್ಬಿಡ್ಲಾ?" ಎಂದಳು ಹೆಂಡತಿ.

"ತಡಿಯೇ. ನಾಲ್ಕು ಜನ ಹಿರೀಕರು ಬರ್ಲಿ. ಅವರ ಎದುರಿಗೆ ನಾನೇ ಕೈಯಾರೆ ಕೊಟ್ಟು ತಪ್ಪಾಯ್ತು ಅಂತೀನಿ."

ಹಿರಿಯರೆಂದರೆ ಕೇಳಬೇಕೆ? ಒಬ್ಬರು ಸ್ನಾನಕ್ಕೆ ಕೂತಿದ್ದರು, ಇನ್ನೊಬ್ಬರಿಗೆ ರುಮಾಲು ಸಿಗಲಿಲ್ಲ. ಬೀಗ ಬರೀ ನೀರು ಕುಡಿದು ಜಗಲಿಯಲ್ಲಿ ಕಾದ. ಎಲ್ಲರೂ ಕೂಡಿದ ಮೇಲೆ ರೈತ ಎರಡೂ ಕೈಯಲ್ಲಿ ಲೋಟ ಹಿಡಿದು ಕೊಟ್ಟ. ಬೀಗ ಒಂದು ಗುಟುಕು ಕುಡಿದು ಉಗುಳಿದ.

"ಕಹಿ! ನಾಲ್ಕು ಜನರ ಮುಂದೆ ಕಹಿ ಕುಡಿಸೋಕೆ ಕರೆಸಿದ್ರಾ?" ಎಂದು ಎದ್ದು ಚಪ್ಪಲಿ ಮೆಟ್ಟಿದ. ಸಿಹಿಯಿತ್ತೆಂದು ರೈತ ದೇವರ ಮೇಲೆ ಆಣೆಯಿಟ್ಟ. ಯಾರೂ ನಂಬಲಿಲ್ಲ.

ಹೆಂಡತಿಗೆ ಎದೆ ಒಡೆದಂತಾಯಿತು. ಅಷ್ಟರಲ್ಲೂ ಒಂದು ಸೋಜಿಗ ಅವಳನ್ನು ಬಿಡಲಿಲ್ಲ. ಪಾತ್ರೆಯಲ್ಲಿ ಉಳಿದಿದ್ದನ್ನು ನಾಲಿಗೆಗೆ ಹಚ್ಚಿದಳು. ನಿಜವಾಗಿಯೂ ಕಹಿ. ಅದೇ ಹಣ್ಣಿನ ಹೋಳು ತಿಂದಳು, ಸಿಹಿ. ಗಡಿಗೆಯ ಮೊಸರು ನೋಡಿದಳು, ಅದೂ ಸವಿ. ಹಾಗಾದರೆ ಕಹಿ ಬಂದದ್ದು ಎಲ್ಲಿಂದ? ಹಣ್ಣು, ಮೊಸರು, ಕಡಗೋಲು ಎಲ್ಲವನ್ನೂ ಬಾಚಿಕೊಂಡು ಹೊರಗೆ ಓಡಿದಳು.

"ಬೀಗರೇ, ನಿಮ್ಮ ಕಣ್ಣೆದುರೇ ಕಡೀತೀನಿ. ಒಂದು ಗುಟುಕು ಕುಡಿದು ಹೋಗಿ."

ಬೀಗ ನಿಂತುಕೊಂಡೇ ಕುಡಿದ. ಸಿಹಿಯಾಗಿತ್ತು. ಈಗ ಅವನ ಕುತೂಹಲವೂ ಕೆರಳಿತು. ಉಳಿದದ್ದನ್ನು ಪಾತ್ರೆಯಲ್ಲೇ ಇರಿಸಿ, ಚಪ್ಪಲಿ ಬಿಟ್ಟು ಕೂತ. ಮೂವರೂ ಆಗಾಗ ಅಂಗೈಗೆ ಒಂದೊಂದು ಹನಿ ಹಾಕಿಕೊಂಡು ನೋಡಿದರು. ಹೊತ್ತು ಕಳೆದಂತೆ ಸಿಹಿ ಇಳಿಯಿತು, ಒಗರು ಬಂತು. ಹಿರಿಯರು ಹಸಿವು ತಾಳದೆ ಮನೆಗೆ ಹೋದರು. ಕಹಿಯಾದಾಗ ಬೀಗ ತೊಡೆ ತಟ್ಟಿ ನಕ್ಕ. ಆ ನಗುವಿನ ನಡುವೆ ರೈತನ ಬಾಯಿಂದ "ತಪ್ಪಾಯ್ತು" ಎಂಬ ಮಾತು ತಾನಾಗಿ ಬಂತು. ವಾರದೊಳಗೆ ಮಗಳು ತವರಿಗೆ ಬಂದಳು.

ಕತೆ ಮುಗಿಯಿತು. ರಾಚಯ್ಯ ಕೈಮುಗಿದ. "ಹಣ್ಣಿನಲ್ಲೂ ಕಹಿಯಿರಲಿಲ್ಲ, ಮೊಸರಿನಲ್ಲೂ ಇರಲಿಲ್ಲ. ಅರ್ಥವಾಯಿತು ಗುರುಗಳೇ. ಈ ಹುಣ್ಣಿಮೆ ಕಳೆಯುತ್ತಲೇ ಹೊರಡುತ್ತೇನೆ."

ಗುರುಗಳು ಅವನ ಮುಖವನ್ನೇ ನೋಡಿದರು.

"ತಪ್ಪು ನಿನ್ನದೆಂದು ನಿನಗೆ ತಿಳಿದು ಎಷ್ಟು ದಿನವಾಯಿತು?"