ಸೊನ್ನೆಗೆ ಇಟ್ಟ ರಕ್ತ

ಹಾಲಪ್ಪ ಮೇಷ್ಟ್ರು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಟ್ಟು ನಿವೃತ್ತರಾದ ಮೇಲೆ ಹೊಳೆಯ ದಂಡೆಯಲ್ಲಿ ಎರಡು ಕೋಣೆ ಕಟ್ಟಿಸಿಕೊಂಡರು. ಒಂದರಲ್ಲಿ ಚಾಪೆ, ಇನ್ನೊಂದರಲ್ಲಿ ಪ್ರಯೋಗಾಲಯ. ಒಪ್ಪೊತ್ತು ಊಟ, ತಣ್ಣೀರು ಸ್ನಾನ. ಊರವರು ಅದನ್ನು ಆಶ್ರಮ ಎಂದು ಕರೆದರು. ಮೊದಮೊದಲು ತಮಾಷೆಗೆ, ಆಮೇಲೆ ನಿಜವಾಗಿಯೇ.

ತಿಪ್ಪೇಶ ಅವರ ಶಿಷ್ಯ. ಓದು ಮುಗಿದರೂ ಗುರುಗಳನ್ನು ಬಿಟ್ಟು ಹೋಗದವನು. ಕಾಯಿಸಿದ ಹಾಲಾಗಲಿ, ಗಿಡದಲ್ಲಿ ಹಣ್ಣಾದ ಸೀಬೆಯಾಗಲಿ, ಮೊದಲು ಗುರುಗಳಿಗೆ ಮುಟ್ಟದೆ ಅವನ ಬಾಯಿಗೆ ಏನೂ ಹೋಗುತ್ತಿರಲಿಲ್ಲ.

ಅವನು ರಕ್ತ ಪರೀಕ್ಷಿಸುವ ಒಂದು ತೆಳ್ಳನೆಯ ಪಟ್ಟಿ ತಯಾರಿಸಿದ. ಬೆರಳಗಲದ್ದು. ಅದರ ತುದಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಚಿನ್ನದ ನ್ಯಾನೋ ಕಣಗಳನ್ನು ಕೂರಿಸಿದ್ದ. ಮೂತ್ರಪಿಂಡ ಕೆಡತೊಡಗಿದಾಗ ರಕ್ತದಲ್ಲಿ ಒಂದು ಪ್ರೋಟೀನ್ ಏರುತ್ತದೆ. ಅದು ಬಂದು ಪಟ್ಟಿಗೆ ಅಂಟಿಕೊಂಡರೆ ಅಲ್ಲಿ ಹರಿಯುವ ಕರೆಂಟು ಬದಲಾಗುತ್ತದೆ. ಪುಟ್ಟ ಯಂತ್ರವೊಂದು ಆ ಬದಲಾವಣೆಯನ್ನು ಅಂಕಿಯಾಗಿ ತೋರಿಸುತ್ತದೆ. ಪ್ರೋಟೀನ್ ಹೆಚ್ಚಿದಷ್ಟೂ ಅಂಕಿ ಮೇಲೇರುತ್ತದೆ. ಒಂದು ಹನಿ ರಕ್ತ ಸಾಕು, ಪೇಟೆಯ ಆಸ್ಪತ್ರೆಗೆ ಅಲೆಯಬೇಕಿಲ್ಲ.

ಆದರೆ ಕಾಯಿಲೆ ಇಲ್ಲದ ರಕ್ತ ಹೇಗಿರುತ್ತದೆ ಎಂದು ಯಂತ್ರಕ್ಕೆ ಮೊದಲು ನಾವೇ ತೋರಿಸಿಕೊಡಬೇಕು. ಅದನ್ನು ಸೊನ್ನೆ ಎಂದು ಗುರುತು ಹಾಕಬೇಕು. ಉಳಿದವರ ರಕ್ತವನ್ನೆಲ್ಲ ಯಂತ್ರ ಆ ಸೊನ್ನೆಯಿಂದ ಅಳೆಯುತ್ತದೆ.

ತಿಪ್ಪೇಶ ಯೋಚಿಸಲೇ ಇಲ್ಲ. ಗುರುಗಳ ಮುಂದೆ ಮಂಡಿಯೂರಿ ಕೂತ.

"ಮೊದಲ ಹನಿ ನಿಮ್ಮದೇ ಆಗಬೇಕು, ಗುರುಗಳೇ."

ಸೊನ್ನೆ ಗುರುತಿಸಲು ಒಬ್ಬರ ರಕ್ತ ಸಾಲದು, ಹಲವರದು ಬೇಕು ಎಂಬುದು ಮೇಷ್ಟ್ರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ನೌಕರಿ ಇರುವಷ್ಟು ಕಾಲ ಅದನ್ನೇ ಪಾಠ ಮಾಡಿದವರು. ಆದರೂ ಬೆರಳು ಚಾಚಿದರು. ಹೊಗಳಿಕೆ ಯಾರಿಗೆ ಬೇಡ?

ಆಮೇಲೆ ದಂಡೆಯ ಜನ ಒಬ್ಬೊಬ್ಬರಾಗಿ ಬಂದು ಬೆರಳು ಚುಚ್ಚಿಸಿಕೊಂಡರು. ಯಂತ್ರ ಒಂದು ವಿಚಿತ್ರ ಮಾಡಿತು. ಬಂದವರಲ್ಲಿ ಹೆಚ್ಚುಕಡಿಮೆ ಎಲ್ಲರ ಅಂಕಿ ಸೊನ್ನೆಗಿಂತ ಎಷ್ಟೋ ಕೆಳಗೆ ಹೋಯಿತು.

ತಿಪ್ಪೇಶನಿಗೆ ನಗು ಬಂತು. ಬೀಡಿ ಸೇದುವವರ, ಹೆಂಡ ಕುಡಿಯುವವರ ರಕ್ತ ಗುರುಗಳ ರಕ್ತಕ್ಕಿಂತ ಚೊಕ್ಕಟವೇ? ದೋಷ ಪಟ್ಟಿಯದೇ ಇರಬೇಕು ಎಂದುಕೊಂಡ. ಸೊನ್ನೆಗಿಂತ ಕೆಳಗೆ ಬಂದದ್ದನ್ನೆಲ್ಲ ಸೊನ್ನೆ ಎಂದೇ ತೋರಿಸುವ ಹಾಗೆ ಯಂತ್ರವನ್ನು ತಿದ್ದಿಬಿಟ್ಟ. ಅಲ್ಲಿಗೆ ಅವನ ತಲೆನೋವು ಮುಗಿಯಿತು.

ಹೊಳೆಯಲ್ಲಿ ಮೀನು ಹಿಡಿಯುವ ಕೆಂಚಮ್ಮನೂ ಬಂದಳು. ಊಟ ಸೇರುತ್ತಿಲ್ಲ, ಬಲೆ ಎಳೆಯಲು ಕಸುವಿಲ್ಲ ಎಂದಳು. ಅವಳದೂ ಸೊನ್ನೆ ಬಂತು.

"ಆಸ್ಪತ್ರಿಗೆ ಹೋಗ್ಲೇನಪ್ಪ?" ಎಂದು ಕೇಳಿದಳು.

"ಯಾಕಕ್ಕ? ನಿಮ್ಮ ರಕ್ತ ನಮ್ಮ ಗುರುಗಳ ರಕ್ತಕ್ಕೆ ಸಮ ಐತೆ."

ಕೆಂಚಮ್ಮ ಹಿಗ್ಗಿಹೋದಳು. ಕೇರಿಯಲ್ಲಿ ಸಿಕ್ಕವರಿಗೆಲ್ಲ ಅದನ್ನು ಹೇಳಿಕೊಂಡು ತಿರುಗಿದಳು. ಆಸ್ಪತ್ರೆಗೆ ಹೋಗಲಿಲ್ಲ.

ಬೇಸಿಗೆಯಲ್ಲಿ ಒಂದು ದಿನ ಬಲೆ ಕೈಯಲ್ಲಿ ಹಿಡಿದುಕೊಂಡೇ ಬಿದ್ದಳು. ಮಗ ಪೇಟೆಗೆ ಹೊತ್ತುಕೊಂಡು ಹೋದ. ಎರಡೂ ಮೂತ್ರಪಿಂಡ ಕೆಟ್ಟುಹೋಗಿವೆ, ಈಗ ಮಾಡುವಂಥದ್ದು ಹೆಚ್ಚೇನಿಲ್ಲ ಎಂದು ಅಲ್ಲಿ ಹೇಳಿದರು. ಮಗ ಅವಳನ್ನು ಮನೆಗೆ ತಂದು ಮಲಗಿಸಿ ಆಶ್ರಮದ ಬಾಗಿಲಿಗೆ ಬಂದ. ಒಳಗೆ ಕಾಲಿಡಲಿಲ್ಲ.

"ಯಾಕೆ ಮೊದ್ಲೇ ಬರ್ಲಿಲ್ಲ ಅಂತ ಡಾಕ್ಟ್ರು ಕೇಳಿದ್ರು," ಎಂದ. ಅಷ್ಟು ಹೇಳಿ ಹೊರಟುಹೋದ.

ತಿಪ್ಪೇಶ ಊಟ ಬಿಟ್ಟ. ತಪ್ಪು ಹುಡುಕತೊಡಗಿದ. ಚಿನ್ನದ ಕಣಗಳನ್ನು ಹೊಸದಾಗಿ ಮಾಡಿದ, ತಂತಿ ಬದಲಿಸಿದ, ಹೊಳೆಯ ಕಡೆಯ ತೇವದ ಗಾಳಿ ಬರದಂತೆ ಕಿಟಕಿಗೆ ಗೋಣಿತಟ್ಟು ಬಡಿದ. ಪಟ್ಟಿಯಲ್ಲಿ ಎಳ್ಳಷ್ಟೂ ತಪ್ಪು ಸಿಗಲಿಲ್ಲ.

ಮೇಷ್ಟ್ರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಏನು ನೋಡೋದು ಬಾಕಿ ಐತೆ?"

"ಎಲ್ಲಾ ನೋಡಿದೆ, ಗುರುಗಳೇ."

"ಸೊನ್ನೆ ನೋಡಿದ್ಯಾ?"

"ಅದು ನಿಮ್ಮ ರಕ್ತ."

"ಹೂಂ. ನೋಡಿದ್ಯಾ?"

ತಿಪ್ಪೇಶನ ಮುಖ ಕೆಂಪಾಯಿತು. ಗುರುಗಳನ್ನು ಪರೀಕ್ಷೆಗೆ ಒಡ್ಡುವಷ್ಟು ದೊಡ್ಡವನು ತಾನಲ್ಲ ಎಂದ. ಮೇಷ್ಟ್ರು ಆ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಯಂತ್ರಕ್ಕೆ ಮಾಡಿದ ತಿದ್ದುಪಡಿ ತೆಗೆದು ನಿನ್ನ ರಕ್ತವನ್ನೇ ಹಾಕು ಎಂದರು.

ಹಾಕಿದ. ಅಂಕಿ ಸೊನ್ನೆಗಿಂತ ಎಷ್ಟೋ ಕೆಳಗೆ ಇಳಿಯಿತು. ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದವನನ್ನು ಕರೆದರು, ಶಾಲೆಯ ಅಕ್ಕೋರನ್ನು ಕರೆದರು. ಅವರದೂ ಅಲ್ಲಿಗೇ ಇಳಿಯಿತು. ತಿದ್ದುಪಡಿ ಇಲ್ಲದೆಯೂ ಸೊನ್ನೆಗಿಂತ ಕೆಳಗಿಳಿಯದೆ ನಿಂತದ್ದು ಕೆಂಚಮ್ಮನ ಮನೆಗೆ ಹೋಗಿ ತಂದ ಹನಿಯೊಂದೇ.

ತಿಪ್ಪೇಶ ಅಂಕಿಯನ್ನು ನೋಡಿದ, ಗುರುಗಳನ್ನು ನೋಡಿದ.

"ಗುರುಗಳೇ, ಹಂಗಾದ್ರೆ ನಿಮಗೂ..."

"ನನಗೂ ಅದೇ ಕಾಯಿಲೆ. ಪಟ್ಟಿ ಮೊದಲ ದಿನದಿಂದ ಅದನ್ನೇ ಹೇಳ್ತಿತ್ತು. ನೀನು ಅದರ ಬಾಯಿ ಮುಚ್ಚಿಸಿದೆ."

ತಿಪ್ಪೇಶ ಅತ್ತುಬಿಟ್ಟ. ಈಗಲೇ ಬಸ್ಸು ಹಿಡಿದು ಪೇಟೆಗೆ ಹೋಗೋಣ, ನೀವಿನ್ನೂ ನಡೆದಾಡುತ್ತಿದ್ದೀರಿ, ಕಾಲ ಮಿಂಚಿಲ್ಲ ಎಂದು ಗೋಗರೆದ. ಅಗತ್ಯಬಿದ್ದರೆ ತನ್ನದೇ ಒಂದು ಮೂತ್ರಪಿಂಡ ಕೊಡುತ್ತೇನೆ ಎಂದ.

"ಕೆಂಚಮ್ಮನಿಗೆ ಕೊಡ್ತೀನಿ ಅಂತ ನಿನ್ನ ಬಾಯಲ್ಲಿ ಬಂತಾ?"

ಬಂದಿರಲಿಲ್ಲ. ಆ ಯೋಚನೆಯೇ ತಿಪ್ಪೇಶನಿಗೆ ಹೊಳೆದಿರಲಿಲ್ಲ.

"ನನಗೂ ಹೊಳೆದಿರಲಿಲ್ಲ," ಎಂದರು ಮೇಷ್ಟ್ರು. "ನೀನು ಮೊದಲ ಹನಿ ಕೇಳಿದಾಗ ಬೇಡ ಕಣೋ ಅನ್ನೋದು ನನ್ನ ಕೆಲಸವಾಗಿತ್ತು. ಅನ್ನಲಿಲ್ಲ. ಶಿಷ್ಯ ನನ್ನ ರಕ್ತಾನೇ ಅಳತೆ ಮಾಡ್ಕೊಂಡ ಅಂತ ಉಬ್ಬಿಹೋದೆ."

ದಂಡೆಯ ಜನರನ್ನೆಲ್ಲ ನಾಳೆಯೇ ಮತ್ತೆ ಕರೆಸಬೇಕು, ಹೊಸ ಸೊನ್ನೆಯಲ್ಲಿ ನೋಡಬೇಕು, ಯಾರದು ಏರಿದೆಯೋ ಅವರನ್ನು ನಾವೇ ಪೇಟೆಗೆ ಕರೆದುಕೊಂಡು ಹೋಗಬೇಕು ಎಂದರು. ತಿಪ್ಪೇಶ ಎಲ್ಲದಕ್ಕೂ ಹೂಂ ಎಂದ. ಆಮೇಲೆ ತಡೆಯಲಾರದೆ ಗುರುಗಳ ಕಾಲ ಬುಡಕ್ಕೆ ಬಿದ್ದ.

"ತಪ್ಪಾಯ್ತು, ಗುರುಗಳೇ. ಕ್ಷಮಿಸಿದೆ ಅಂತ ಒಂದು ಮಾತು ಹೇಳಿ."

ಮೇಷ್ಟ್ರು ಕಾಲು ಹಿಂದಕ್ಕೆ ಎಳೆದುಕೊಂಡರು.

"ಕೆಂಚಮ್ಮನ ಕಾಲಿಗೆ ಬೀಳು, ಹೋಗು. ನೀರು ತುಂಬಿ ಊದಿದಾವೆ. ಮೆಲ್ಲಗೆ ಮುಟ್ಟು."